ಬೆಲೆ ಹೇಳಿದರೆ ಸಾಲದು, ಯಾಕೆಂದೂ ಹೇಳಬೇಕು: ಮನೆ ಬೆಲೆ ಅಂದಾಜಿಸುವ ಮಾಡೆಲ್‌ಗಳಲ್ಲಿ ಯಾವುದು ಯಾರಿಗೆ?

ವಿಜಯನಗರದ ಫ್ಲಾಟ್ ಮಾರಲು ಹೊರಟಿದ್ದ ಚಿಕ್ಕಪ್ಪನಿಗೆ ಅನುಕೂಲವಾಗಲಿ ಅಂತ ನಾನೊಂದು ಮಾಡೆಲ್ (ಹಳೆಯ ಬೆಲೆಗಳಿಂದ ಕಲಿತು ಹೊಸ ಮನೆಗೆ ಬೆಲೆ ಅಂದಾಜಿಸುವ ಕಂಪ್ಯೂಟರ್ ಲೆಕ್ಕ) ಮಾಡಿಕೊಂಡು ಹೋಗಿದ್ದೆ. ಊಟದ ಟೇಬಲ್ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟೆ. ಬೆಲೆಯ ಅಂಕಿಯನ್ನು ಅವರು ಒಂದು ಸಲ ನೋಡಿ ಸುಮ್ಮನಾದರು. ಅವರ ಕಣ್ಣು ನಿಂತಿದ್ದು ಅದರ ಕೆಳಗಿನ ಪಟ್ಟಿಯ ಮೇಲೆ. ಕನ್ನಡಕ ಸರಿ ಮಾಡಿಕೊಂಡು, ಬೆರಳಿಟ್ಟು ಕೇಳಿದರು: "ಇದೇನೋ, ಮೂರು ರೂಮಿಗೆ ಮೈನಸ್ ಹಾಕಿದೆ? ರೂಮು ಜಾಸ್ತಿ ಇದ್ರೆ ಬೆಲೆ ಕಮ್ಮಿ ಆಗತ್ತಾ? ಇದಕ್ಕಿಂತ ನಮ್ಮ ಬ್ರೋಕರ್ ವಾಸಿ ಕಣೋ."

ಲೆಕ್ಕದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ನನ್ನ ಆಯ್ಕೆಯಲ್ಲಿ. ಬೆಲೆ ಹೇಳುವ ಮಾಡೆಲ್ ಇವತ್ತು ಯಾರು ಬೇಕಾದರೂ ಒಂದು ಮಧ್ಯಾಹ್ನದಲ್ಲಿ ಮಾಡಬಹುದು. "ಯಾಕೆ ಇಷ್ಟು?" ಅಂತ ಕೇಳಿದಾಗ ಒಂದೊಂದು ಬಗೆಯ ಮಾಡೆಲ್ ಒಂದೊಂದು ಭಾಷೆಯಲ್ಲಿ ಉತ್ತರ ಕೊಡುತ್ತದೆ, ಆ ಭಾಷೆ ಎಲ್ಲರಿಗೂ ತಿಳಿಯುವುದಿಲ್ಲ. ಹಾಗಾಗಿ ನಾನೀಗ ಯಾವುದೇ ಮಾಡೆಲ್‌ಗೆ ಕೈಹಾಕುವ ಮೊದಲು ಒಂದೇ ಪ್ರಶ್ನೆ ಕೇಳುತ್ತೇನೆ: ಕೊನೆಗೆ "ಯಾಕೆ" ಅಂತ ಕೇಳುವವರು ಯಾರು? ಮಾರುವವರೋ, ಸಾಲ ಕೊಡುವ ಬ್ಯಾಂಕೋ, ತೆರಿಗೆ ಹಾಕುವ ಕಚೇರಿಯೋ, ಇಲ್ಲಾ ಮಾಡೆಲ್ ಕಟ್ಟಿದ ನಾನೇನಾ?

ಹೋಲಿಕೆಗೆ ಎಲ್ಲರಿಗೂ ಸಿಗುವ ಒಂದು ಡೇಟಾ ಇಟ್ಟುಕೊಳ್ಳೋಣ. ಡೇಟಾ ಹಂಚಿಕೊಳ್ಳುವ ಕ್ಯಾಗಲ್ ಎಂಬ ಜಾಲತಾಣದಲ್ಲಿ ಬೆಂಗಳೂರಿನ ಮನೆ ಬೆಲೆಗಳದ್ದೊಂದು ಕಡತವಿದೆ: 13,320 ಸಾಲು, 9 ಕಾಲಂ, ಬೆಲೆ ಲಕ್ಷಗಳಲ್ಲಿ. ಮಷೀನ್ ಲರ್ನಿಂಗ್ ಕಲಿಯುವ ನಮ್ಮ ಹುಡುಗ ಹುಡುಗಿಯರಲ್ಲಿ ಅದನ್ನು ಒಮ್ಮೆಯಾದರೂ ತೆರೆದು ನೋಡದವರು ಕಡಿಮೆ.

ಮಾಡೆಲ್‌ಗಿಂತ ಮೊದಲು ಡೇಟಾ

ಈ ಭಾಗವನ್ನು ಹಾರಿಸಬೇಡಿ. ವಿವರಣೆ ಕೊಡುವ ಯಾವ ತಂತ್ರವೂ ಮನೆಯನ್ನು ನೋಡಿ ಮಾತಾಡುವುದಿಲ್ಲ. ಡೇಟಾದಿಂದ ಮಾಡೆಲ್ ಏನು ಕಲಿತಿದೆಯೋ ಅದನ್ನಷ್ಟೇ ಒಪ್ಪಿಸುತ್ತದೆ. ಡೇಟಾ ಎಡವಟ್ಟಾಗಿದ್ದರೆ ಎಡವಟ್ಟನ್ನೇ ಚಂದದ ಬಣ್ಣದ ಚಿತ್ರದಲ್ಲಿ ತೋರಿಸುತ್ತದೆ.

ಈ ಕಡತದಲ್ಲಿ ವಿಸ್ತೀರ್ಣದ ಕಾಲಂ ಒಂದೇ. ಆದರೆ ಅದು ಯಾವ ವಿಸ್ತೀರ್ಣ ಅನ್ನುವುದು ಇನ್ನೊಂದು ಕಾಲಂನಲ್ಲಿದೆ: 8,790 ಸಾಲಿಗೆ ಸೂಪರ್ ಬಿಲ್ಟಪ್, 2,418ಕ್ಕೆ ಬಿಲ್ಟಪ್, 2,025ಕ್ಕೆ ಪ್ಲಾಟ್ ಅಂದರೆ ಸೈಟಿನ ಅಳತೆ, ಬರೀ 87ಕ್ಕೆ ಕಾರ್ಪೆಟ್. ಸೂಪರ್ ಬಿಲ್ಟಪ್‌ನಲ್ಲಿ ಲಿಫ್ಟು, ಮೆಟ್ಟಿಲು, ಕಾರಿಡಾರಿನ ಪಾಲೂ ಸೇರಿರುತ್ತದೆ. ಕಾರ್ಪೆಟ್ ಅಂದರೆ ಮನೆಯೊಳಗೆ ನಾವು ನಿಜವಾಗಿ ಓಡಾಡುವ ಜಾಗ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಈ ಕಾರ್ಪೆಟ್ ಏರಿಯಾಕ್ಕೆ ಅರ್ಥ ನಿಗದಿ ಮಾಡಿದ್ದೇ ಇಂಥ ಗೊಂದಲ ತಪ್ಪಿಸುವುದಕ್ಕೆ. ಸೈಟಿನ ಅಳತೆಯಂತೂ ಬೇರೆಯೇ ಜಾತಿ. ಕಡತದಲ್ಲಿ ಅತಿ ಹೆಚ್ಚು ಸಲ ಬರುವ ಅಳತೆ 1,200 ಚದರಡಿ, ಒಟ್ಟು 843 ಸಲ. ಯಾಕೆ ಅಂತ ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ: ತರ್ಟಿ ಫಾರ್ಟಿ ಸೈಟು. ಹಾಗೆಯೇ 600 ಅಂದರೆ ಟ್ವೆಂಟಿ ತರ್ಟಿ, 2,400 ಅಂದರೆ ಫಾರ್ಟಿ ಸಿಕ್ಸ್ಟಿ. ಆದರೆ 1,200 ಚದರಡಿಯ ಫ್ಲಾಟುಗಳೂ ಅಲ್ಲೇ ಪಕ್ಕದ ಸಾಲಿನಲ್ಲಿ ಕೂತಿವೆ. ಅಂಕಿ ಒಂದೇ, ಸರಕು ಎರಡು.

ವಿಸ್ತೀರ್ಣದ ಜಾಗದಲ್ಲಿ ಕೆಲವು ಕಡೆ "2100 - 2850" ಅಂತ ವ್ಯಾಪ್ತಿ ಬರೆದಿದ್ದಾರೆ. ಕೆಲವು ಕಡೆ ಚದರ ಮೀಟರ್, ಇನ್ನು ಕೆಲವು ಕಡೆ ಗುಂಟೆ, ಸೆಂಟ್ಸ್, ಎಕರೆ. ಕೆಂಗೇರಿಯ ಒಂದು ಒನ್ ಬಿಎಚ್‌ಕೆ 34.46 ಚದರ ಮೀಟರ್ ಎಂದಿದೆ. ಅದನ್ನು ಸುಮಾರು 371 ಚದರಡಿ ಅಂತ ಪರಿವರ್ತಿಸದೆ ಹಾಗೇ ಒಳಗೆ ಬಿಟ್ಟರೆ ಮಾಡೆಲ್ ಮೂವತ್ತನಾಲ್ಕು ಚದರಡಿಯ ಮನೆಯೊಂದನ್ನು ಕಲಿತುಬಿಡುತ್ತದೆ.

ಮುನ್ನೇಕೊಳಾಲದ ಒಂದು ಸಾಲು ನನಗೆ ಬಹಳ ಇಷ್ಟ. 43 ಬೆಡ್‌ರೂಮ್, 40 ಬಾತ್‌ರೂಮ್, 2,400 ಚದರಡಿ, 660 ಲಕ್ಷ. ಟ್ಯುಟೋರಿಯಲ್‌ಗಳಲ್ಲಿ ಇದನ್ನು "ಅಸಾಧ್ಯ" ಅಂತ ಅಳಿಸಿಬಿಡುತ್ತಾರೆ. ರೂಮಿಗೆ 56 ಚದರಡಿ, ಮಂಚ ಹಾಕಿದರೆ ಬಾಗಿಲು ತೆಗೆಯಲಾಗುವುದಿಲ್ಲ, ನಿಜ. ಆದರೆ ಮಾರತ್‌ಹಳ್ಳಿ ಕಡೆ ಓಡಾಡಿದವರಿಗೆ ಬೇರೆಯೇ ಹೊಳೆಯುತ್ತದೆ. ಫಾರ್ಟಿ ಸಿಕ್ಸ್ಟಿ ಸೈಟಿನಲ್ಲಿ ಮೇಲೆ ಮೇಲೆ ಮಹಡಿ ಎಬ್ಬಿಸಿ, ರೂಮಿಗೊಂದು ಬಾತ್‌ರೂಮ್ ಕೊಟ್ಟ ಪಿಜಿ ಕಟ್ಟಡ ಇರಬೇಕು ಅಂತ ನನ್ನ ಊಹೆ. ಅಮೆರಿಕದ ಕಿಂಗ್ ಕೌಂಟಿಯ 21,613 ಮಾರಾಟಗಳ ಕಡತದಲ್ಲೂ ಇಂಥದ್ದೇ ಒಂದು ಸಾಲಿದೆ: 1,620 ಚದರಡಿಯಲ್ಲಿ 33 ಬೆಡ್‌ರೂಮ್, 1.75 ಬಾತ್‌ರೂಮ್. ಅಲ್ಲಿ ಯಾರೋ 3ನ್ನು ಎರಡು ಸಲ ಒತ್ತಿದ್ದಾರೆ ಅನ್ನುವುದು ಬಾತ್‌ರೂಮಿನ ಲೆಕ್ಕದಿಂದಲೇ ಗೊತ್ತಾಗುತ್ತದೆ. ಎರಡೂ ಮೇಲುನೋಟಕ್ಕೆ ಹುಚ್ಚು ಸಾಲುಗಳೇ. ಒಂದು ಬೆರಳಿನ ತಪ್ಪು, ಇನ್ನೊಂದು ಊರಿನ ವ್ಯವಹಾರ. ಎರಡನ್ನೂ ತೆಗೆಯಬಹುದು, ಆದರೆ ಎರಡನೆಯದನ್ನು ತೆಗೆಯುವಾಗ "ಈ ಮಾಡೆಲ್ ಪಿಜಿ ಕಟ್ಟಡಗಳಿಗಲ್ಲ" ಅಂತ ಒಂದು ಕಡೆ ಬರೆದಿಡಬೇಕು.

ನೆರೆಮನೆ ಹೋಲಿಕೆ

ಇದು ಎಲ್ಲಕ್ಕಿಂತ ಹಳೆಯ ದಾರಿ, ಬ್ಯಾಂಕಿನ ವ್ಯಾಲ್ಯುಯರ್ ನಡೆಯುವುದೂ ಇದರಲ್ಲೇ. ನಿಮ್ಮ ಮನೆಯನ್ನು ಹೋಲುವ ನಾಲ್ಕೈದು ಮನೆ ಹುಡುಕಿ, ಅವು ಹೋದ ಬೆಲೆ ನೋಡಿ, ಸ್ವಲ್ಪ ಹೆಚ್ಚುಕಡಿಮೆ ಮಾಡಿ ಬೆಲೆ ಕಟ್ಟುವುದು. ಮಷೀನ್ ಲರ್ನಿಂಗ್‌ನಲ್ಲಿ ಇದಕ್ಕೆ ಕೆ-ನಿಯರೆಸ್ಟ್ ನೇಬರ್ಸ್ ಅನ್ನುತ್ತಾರೆ. ವಿವರಣೆ ಬೇರೆ ಬೇಕಿಲ್ಲ, ಆ ಐದು ಮನೆಗಳ ಪಟ್ಟಿಯೇ ವಿವರಣೆ. ಚಿಕ್ಕಪ್ಪನಂಥವರ ಮುಂದೆ ಇದನ್ನು ಸೋಲಿಸುವ ಇನ್ನೊಂದು ಇಲ್ಲ.

ತೊಡಕಿರುವುದು "ಹೋಲುವ" ಅನ್ನುವ ಪದದಲ್ಲೇ. ನೂರು ಚದರಡಿ ವ್ಯತ್ಯಾಸ ದೊಡ್ಡದೋ, ಒಂದು ಬಾತ್‌ರೂಮಿನ ವ್ಯತ್ಯಾಸ ದೊಡ್ಡದೋ ಎಂಬುದನ್ನು ನೀವೇ ತೀರ್ಮಾನಿಸಬೇಕು, ಆ ತೀರ್ಮಾನ ಪಟ್ಟಿಯಲ್ಲಿ ಕಾಣುವುದಿಲ್ಲ. ಬೆಂಗಳೂರಿನ ಕಡತದಲ್ಲಿ ಬಡಾವಣೆಗಳ ಹೆಸರೇ ಸುಮಾರು 1,300 ಇವೆ. ಅವುಗಳಲ್ಲಿ ಸಾವಿರಕ್ಕೂ ಮಿಕ್ಕ ಹೆಸರುಗಳಿಗೆ ತಲಾ ಹತ್ತು ಸಾಲು ಮೀರಿಲ್ಲ. ನೆರೆಮನೆ ಹುಡುಕಲು ಹೊರಟರೆ ನೆರೆಯೇ ಇಲ್ಲದ ಪರಿಸ್ಥಿತಿ.

ಸರಳ ರೇಖೆಯ ಲೆಕ್ಕ

ಮನೆಯನ್ನು ಒಂದು ಇಡೀ ವಸ್ತುವಾಗಿ ನೋಡದೆ ವಿಸ್ತೀರ್ಣ, ರೂಮು, ಜಾಗ ಇವೆಲ್ಲದರ ಕಟ್ಟು ಅಂತ ನೋಡಿ ಒಂದೊಂದಕ್ಕೂ ಬೆಲೆ ಕಟ್ಟುವ ವಿಚಾರ ಅರ್ಥಶಾಸ್ತ್ರದಲ್ಲಿ ಹಳೆಯದು. ಕೆಲ್ವಿನ್ ಲಂಕಾಸ್ಟರ್ 1966ರಲ್ಲಿ, ಶೆರ್ವಿನ್ ರೋಸನ್ 1974ರಲ್ಲಿ ಇದಕ್ಕೆ ಗಟ್ಟಿ ತಳಪಾಯ ಹಾಕಿದರು. ಹೆಡೋನಿಕ್ ಬೆಲೆ ಅನ್ನುವುದು ಇದನ್ನೇ. ಲೀನಿಯರ್ ರಿಗ್ರೆಷನ್, ಅಂದರೆ ಈ ಸರಳ ರೇಖೆಯ ಲೆಕ್ಕದಲ್ಲಿ, ಒಂದೊಂದು ಗುಣಕ್ಕೂ ಒಂದೊಂದು ಅಂಕಿ ಬರುತ್ತದೆ, ಎಲ್ಲ ಪಾಲು ಕೂಡಿದರೆ ಬೆಲೆ, ಕಥೆ ಮುಗಿಯಿತು.

ಬೆಲೆಯ ಲಾಗ್ (ಲಾಗರಿದಮ್) ತೆಗೆದುಕೊಂಡು ಮಾಡುವುದು ವಾಸಿ, ಆಗ ಲೆಕ್ಕ ರೂಪಾಯಿಯ ಬದಲು ಶೇಕಡಾದಲ್ಲಿ ನಡೆಯುತ್ತದೆ. ಹತ್ತು ಲಕ್ಷದ ವ್ಯತ್ಯಾಸ ನಲವತ್ತು ಲಕ್ಷದ ಮನೆಗೂ ನಾಲ್ಕು ಕೋಟಿಯ ಮನೆಗೂ ಒಂದೇ ಅಲ್ಲವಲ್ಲ. ಉದಾಹರಣೆಗೆ, ವಿಸ್ತೀರ್ಣದ ಲಾಗ್‌ಗೆ 0.8 ಎಂಬ ಅಂಕಿ ಬಂತು ಅಂತಿಟ್ಟುಕೊಳ್ಳಿ. ವಿಸ್ತೀರ್ಣ ಶೇ. 10 ಹೆಚ್ಚಾದರೆ ಬೆಲೆ ಸುಮಾರು ಶೇ. 8 ಏರುತ್ತದೆ ಅಂತ ಓದಬೇಕು. ಇಷ್ಟು ನೇರವಾಗಿ ಬಾಯಲ್ಲಿ ಹೇಳಬಹುದಾದ ಮಾಡೆಲ್ ಇನ್ನೊಂದಿಲ್ಲ.

ಚಿಕ್ಕಪ್ಪನ ಮೈನಸ್ ಬಂದದ್ದೂ ಇಲ್ಲಿಂದಲೇ. ರಿಗ್ರೆಷನ್ ಹೇಳುವ ಪ್ರತಿ ಅಂಕಿಯ ಹಿಂದೆ "ಉಳಿದಿದ್ದೆಲ್ಲ ಹಾಗೇ ಇದ್ದರೆ" ಎಂಬ ಮಾತು ಅಡಗಿರುತ್ತದೆ. 1,400 ಚದರಡಿಯನ್ನು ಅಲ್ಲಾಡದಂತೆ ಹಿಡಿದು ಎರಡು ರೂಮನ್ನು ಮೂರು ಮಾಡಿ ಅಂದರೆ ಗೋಡೆ ಎಬ್ಬಿಸಿ ಹಾಲ್ ಕತ್ತರಿಸಿ ಅಂತ ಅರ್ಥ. ಅಂಥ ಮನೆಗೆ ಬೆಲೆ ಇಳಿದರೆ ಆಶ್ಚರ್ಯವಿಲ್ಲ. ಇದನ್ನು ಹೀಗೆ ಬಿಡಿಸಿ ಹೇಳಿದ ಮೇಲೆ ಚಿಕ್ಕಪ್ಪ "ಓ, ಕಬೂತರ್ ಖಾನೆ ಅನ್ನು" ಅಂದರು. ಅರ್ಥವಾಯಿತು, ಆದರೆ ಹತ್ತು ನಿಮಿಷ ಹಿಡಿಯಿತು. ವಿಸ್ತೀರ್ಣ, ರೂಮು, ಬಾತ್‌ರೂಮ್ ಮೂರೂ ಒಟ್ಟೊಟ್ಟಿಗೆ ಏರಿಳಿಯುವಾಗ ಅಂಕಿಗಳ ಚಿಹ್ನೆ ನಂಬಬೇಡಿ. ಒಂದೋ ಅವುಗಳಲ್ಲಿ ಒಂದನ್ನು ಬಿಡಿ, ಇಲ್ಲಾ "ರೂಮಿಗೆ ಎಷ್ಟು ಚದರಡಿ" ಅಂತ ಹೊಸ ಕಾಲಂ ಮಾಡಿ.

ಸರಳ ಮಾಡೆಲ್‌ಗೆ ಇನ್ನೊಂದು ಗುಣವಿದೆ: ಒಳಗೇನು ಹಾಕಿದ್ದಾರೆ ಎಂಬುದನ್ನು ಅದು ಬಚ್ಚಿಡಲಾರದು. 1978ರಲ್ಲಿ ಹ್ಯಾರಿಸನ್ ಮತ್ತು ರೂಬಿನ್‌ಫೆಲ್ಡ್ ಬಾಸ್ಟನ್ ಪ್ರದೇಶದ 506 ಸಾಲುಗಳ ಡೇಟಾ ಬಳಸಿದರು. ಅವರಿಗೆ ಬೇಕಿದ್ದದ್ದು ಶುದ್ಧ ಗಾಳಿಗೆ ಜನ ಎಷ್ಟು ಕೊಡುತ್ತಾರೆ ಎಂಬ ಲೆಕ್ಕ. ಅದರಲ್ಲಿ "ಬಿ" ಅನ್ನುವ ಕಾಲಂ ಒಂದಿತ್ತು, ಊರಿನಲ್ಲಿ ಕಪ್ಪು ಜನರ ಪ್ರಮಾಣದಿಂದ ಕಟ್ಟಿದ್ದು. ದಶಕಗಳ ಕಾಲ ವಿದ್ಯಾರ್ಥಿಗಳು ಕಣ್ಣು ಮುಚ್ಚಿ ಅದರ ಮೇಲೆ ಅಭ್ಯಾಸ ಮಾಡಿದರು. ಕೊನೆಗೆ ಸೈಕಿಟ್-ಲರ್ನ್ ಎಂಬ ಮಷೀನ್ ಲರ್ನಿಂಗ್ ತಂತ್ರಾಂಶ ತನ್ನ 1.2 ಆವೃತ್ತಿಯಲ್ಲಿ ಆ ಡೇಟಾವನ್ನೇ ತೆಗೆದುಹಾಕಿತು. ನಮ್ಮಲ್ಲಿ ಅಂಥ ಕಾಲಂ ಬೇಕಾಗಿಯೇ ಇಲ್ಲ, ಅಲ್ಲಿ ಯಾವ ಜನ ಇದ್ದಾರೆ ಅನ್ನುವುದನ್ನು ಬಡಾವಣೆಯ ಹೆಸರೊಂದೇ ಸದ್ದಿಲ್ಲದೆ ಬೆಲೆಗೆ ಸೇರಿಸಿಬಿಡಬಹುದು.

ಒಂಟಿ ಮರ

ಡಿಸಿಷನ್ ಟ್ರೀ ಬಗ್ಗೆ ಹೆಚ್ಚು ಹೇಳುವುದಿಲ್ಲ. "1,500 ಚದರಡಿಗಿಂತ ಹೆಚ್ಚಾ? ಹೌದು. ಇಂಥ ಬಡಾವಣೆಯಾ? ಅಲ್ಲ" ಅಂತ ಪ್ರಶ್ನೋತ್ತರದಂತೆ ಸಾಗುವುದರಿಂದ ಕೇಳಲು ಸೊಗಸು. ಆದರೆ 1,499ಕ್ಕೂ 1,501ಕ್ಕೂ ನಡುವೆ ಬೆಲೆ ಧುಮುಕುತ್ತದೆ, ನಾಲ್ಕು ಸಾಲು ಬದಲಾದರೆ ಮರವೇ ಬೇರೆಯಾಗಿ ಬೆಳೆಯುತ್ತದೆ. ಕಲಿಸಲು ಒಳ್ಳೆಯದು, ಬೆಲೆ ಕಟ್ಟಲು ಅಲ್ಲ.

ಮರಗಳ ತೋಪು, ಮೇಲೆ ಶಾಪ್ (SHAP)

ಎಕ್ಸ್‌ಜಿಬೂಸ್ಟ್, ಲೈಟ್‌ಜಿಬಿಎಂ ಥರದ ಬೂಸ್ಟಿಂಗ್ ಮಾಡೆಲ್‌ಗಳು ನೂರಾರು ಚಿಕ್ಕ ಮರಗಳನ್ನು ಒಂದರ ತಪ್ಪನ್ನು ಇನ್ನೊಂದು ತಿದ್ದುವಂತೆ ಪೇರಿಸುತ್ತವೆ. ಇಂಥ ಕಾಲಂ-ಸಾಲುಗಳ ಡೇಟಾದಲ್ಲಿ ಇವುಗಳನ್ನು ಮೀರಿಸುವುದು ಕಷ್ಟ. ಆದರೆ ನೂರಾರು ಮರಗಳನ್ನು ಯಾರೂ ಓದಲಾರರು. ಹಾಗಾಗಿ ಹೊರಗಿನಿಂದ ವಿವರಣೆ ತರಬೇಕು. ಇವತ್ತು ಅದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಶಾಪ್ ಎಂಬ ತಂತ್ರ. ಲಂಡ್‌ಬರ್ಗ್ ಮತ್ತು ಲೀ 2017ರಲ್ಲಿ ಇದನ್ನು ತಂದರು. ಮೂಲ ವಿಚಾರ 1953ರದ್ದು, ಗಣಿತಜ್ಞ ಲಾಯ್ಡ್ ಶೇಪ್ಲಿಯದು: ಒಟ್ಟಿಗೆ ದುಡಿದವರಿಗೆ ಲಾಭವನ್ನು ನ್ಯಾಯವಾಗಿ ಹಂಚುವುದು ಹೇಗೆ?

ಕೈಲೆಕ್ಕ ಮಾಡಿ ನೋಡೋಣ, ಅಂಕಿಗಳು ನನ್ನ ಕಲ್ಪನೆಯವು. ಮಾಡೆಲ್‌ಗೆ ಏನೂ ಗೊತ್ತಿಲ್ಲದಿದ್ದರೆ ಅದು ಹೇಳುವುದು ಸರಾಸರಿ 80 ಲಕ್ಷ. ವಿಸ್ತೀರ್ಣ ಮಾತ್ರ ತಿಳಿಸಿದರೆ 100 ಅನ್ನುತ್ತದೆ, ಜಾಗ ಮಾತ್ರ ತಿಳಿಸಿದರೆ 95, ಎರಡೂ ತಿಳಿಸಿದರೆ 130. ಈಗ 50 ಲಕ್ಷವನ್ನು ಇಬ್ಬರಿಗೆ ಹಂಚಬೇಕು. ವಿಸ್ತೀರ್ಣ ಮೊದಲು ಬಂದರೆ ಅದರ ಪಾಲು 20, ಜಾಗದ ನಂತರ ಬಂದರೆ 35. ಸರಾಸರಿ 27.5. ಜಾಗ ಮೊದಲು ಬಂದರೆ 15, ಆಮೇಲೆ ಬಂದರೆ 30. ಸರಾಸರಿ 22.5. ಕೂಡಿಸಿದರೆ ಸರಿಯಾಗಿ 50. ಇಷ್ಟೇ ಶಾಪ್. ಕಾಲಂ ಹೆಚ್ಚಾದಷ್ಟೂ ಬರುವ ಸರದಿಗಳ ಸಂಖ್ಯೆ ವಿಪರೀತ ಬೆಳೆಯುತ್ತದೆ, ಮರಗಳ ಮಾಡೆಲ್‌ಗೆ ಅದನ್ನು ಬೇಗ ಮುಗಿಸುವ ಉಪಾಯ ಇದೆ.

ಪೈಸೆ ಪೈಸೆ ಲೆಕ್ಕ ಹೊಂದುತ್ತದಲ್ಲ, ಅದೇ ಇದರ ಆಕರ್ಷಣೆ. ಕಿರಾಣಿ ಅಂಗಡಿಯ ಬಿಲ್ಲಿನಂತೆ ಕೆಳಗೆ ಮೊತ್ತ ಬರುತ್ತದೆ. ಬಿಲ್ಲಿನಂತೆ ಕಾಣುವುದರಿಂದಲೇ ಜನ ಎಡವುತ್ತಾರೆ ಕೂಡ. ಇಂಥದ್ದೊಂದು ಪಟ್ಟಿಯಲ್ಲಿ ಮೂರನೇ ಬಾತ್‌ರೂಮಿಗೆ ನಾಲ್ಕು ಲಕ್ಷ ಅಂತಿದ್ದುದನ್ನು ನೋಡಿ ಚಿಕ್ಕಮ್ಮ ಅಡುಗೆಮನೆಯಿಂದಲೇ ಕೇಳಿದರು, "ಹಾಗಾದ್ರೆ ಸ್ಟೋರ್ ರೂಮನ್ನ ಬಾತ್‌ರೂಮ್ ಮಾಡ್ಸಿದ್ರೆ ಇನ್ನೊಂದ್ ನಾಲ್ಕು ಲಕ್ಷ ಬರತ್ತಾ?" ಬರುವುದಿಲ್ಲ. ಹೆಚ್ಚು ಬಾತ್‌ರೂಮ್ ಇರುವ ಮನೆಗಳು ಬೇರೆ ರೀತಿಯಲ್ಲೂ ದುಬಾರಿ ಮನೆಗಳೇ ಆಗಿರುತ್ತವೆ. ಮಾಡೆಲ್ ಆ ನೆಂಟಸ್ತಿಕೆಯನ್ನು ಕಲಿತಿದೆ ಅಷ್ಟೇ. ಬಾತ್‌ರೂಮ್ ಕಟ್ಟಿಸಿದರೆ ಏನಾಗುತ್ತದೆ ಎಂಬುದನ್ನು ಅದು ಎಂದೂ ನೋಡಿಲ್ಲ.

ಇನ್ನೂ ಎರಡು ಕಡೆ ಜಾಗ್ರತೆ ಬೇಕು. ಒಂದು, ಆ 80 ಲಕ್ಷದ ಸರಾಸರಿ ಯಾರ ಸರಾಸರಿ? ಇಡೀ ಬೆಂಗಳೂರಿನದೋ, ವಿಜಯನಗರದ್ದೋ? ಹೋಲಿಕೆಯ ಗುಂಪು ಬದಲಿಸಿದರೆ ಎಲ್ಲ ಪಾಲುಗಳೂ ಬದಲಾಗುತ್ತವೆ. ಮಾರುವವರಿಗೆ ಅವರ ಬಡಾವಣೆಯ ಆಸುಪಾಸಿನ ಗುಂಪನ್ನೇ ಆಧಾರವಾಗಿಡಿ, ಇಲ್ಲದಿದ್ದರೆ "ಜಾಗ" ಎಂಬ ಒಂದೇ ದೊಡ್ಡ ಪಾಲು ಎಲ್ಲವನ್ನೂ ನುಂಗುತ್ತದೆ. ಎರಡು, ಮಾಡೆಲ್ ಕಲಿತದ್ದು ಬೆಲೆಯ ಲಾಗ್ ಆಗಿದ್ದರೆ ಪಾಲುಗಳು ರೂಪಾಯಿಯಲ್ಲಿ ಕೂಡುವುದಿಲ್ಲ, ಗುಣಿಸುತ್ತವೆ. 0.15 ಎಂಬ ಪಾಲು ಅಂದರೆ ಬೆಲೆ ಸುಮಾರು ಶೇ. 16 ಮೇಲೆ. ಅದನ್ನು ಬಲವಂತವಾಗಿ ಲಕ್ಷಗಳಿಗೆ ಇಳಿಸಿ ಬಿಲ್ಲು ಮಾಡಬೇಡಿ, ಶೇಕಡಾ ಲೆಕ್ಕದಲ್ಲೇ ತೋರಿಸಿ.

ಹಾಗಾದರೆ ಶಾಪ್ ನಿಜಕ್ಕೂ ಯಾರಿಗೆ? ನನ್ನ ಅನುಭವದಲ್ಲಿ ಮಾಡೆಲ್ ಕಟ್ಟುವವರಿಗೆ. ವಿಸ್ತೀರ್ಣವನ್ನು ಅಡ್ಡಕ್ಕೂ ಅದರ ಶಾಪ್ ಪಾಲನ್ನು ಉದ್ದಕ್ಕೂ ಇಟ್ಟು ಚುಕ್ಕಿ ಹಾಕಿ ನೋಡಿ. 1,200ರ ಮೇಲೆ ಚುಕ್ಕಿಗಳು ಕಂಬದಂತೆ ನಿಂತಿದ್ದರೆ ಸೈಟೂ ಫ್ಲಾಟೂ ಬೆರೆತಿವೆಯೇನೋ ಅಂತ ಮೊದಲು ಅನುಮಾನಿಸಬೇಕು. ವಿಸ್ತೀರ್ಣದ ಬಗೆಯ ಪ್ರಕಾರ ಬಣ್ಣ ಹಚ್ಚಿದರೆ ಅನುಮಾನ ಸರಿಯೋ ತಪ್ಪೋ ಕೂಡಲೇ ಗೊತ್ತಾಗುತ್ತದೆ. ಕಡತದ ಕಾಯಿಲೆ ಹಿಡಿಯಲು ಇದು ಎಕ್ಸ್‌ರೇ ಇದ್ದಂತೆ. ರೋಗಿಯ ಕೈಗೆ ಎಕ್ಸ್‌ರೇ ಕೊಟ್ಟು ಕಳಿಸಿದರೆ ಆತ ಹೆದರುತ್ತಾನಷ್ಟೆ.

ಶಾಪ್‌ಗಿಂತ ಒಂದು ವರ್ಷ ಮೊದಲು, 2016ರಲ್ಲಿ ಬಂದ ಲೈಮ್ (LIME) ಇನ್ನೊಂದು ದಾರಿ. ನಿಮ್ಮ ಮನೆಯ ಅಂಕಿಗಳನ್ನು ಅಲ್ಲಿಷ್ಟು ಇಲ್ಲಿಷ್ಟು ಅಲುಗಿಸಿ ಕಾಲ್ಪನಿಕ ಮನೆಗಳನ್ನು ಹುಟ್ಟಿಸಿ, ಅವುಗಳಿಗೆ ಮಾಡೆಲ್ ಏನು ಹೇಳುತ್ತದೆ ನೋಡಿ, ಆ ಸುತ್ತಮುತ್ತಲಿಗೆ ಮಾತ್ರ ಒಂದು ಸರಳ ರೇಖೆ ಎಳೆಯುತ್ತದೆ. ಹಾಗೆ ಹುಟ್ಟುವ ಮನೆಗಳಲ್ಲಿ 500 ಚದರಡಿಗೆ ನಾಲ್ಕು ಬಾತ್‌ರೂಮ್ ಇರುವಂಥವೂ ಬರುತ್ತವೆ. ಮತ್ತೆ ಓಡಿಸಿದರೆ ಉತ್ತರ ಬೇರೆಯಾಗಬಹುದು. ದುಡ್ಡಿನ ವಿಷಯದಲ್ಲಿ ಬೆಳಿಗ್ಗೆ ಒಂದು ಸಂಜೆ ಒಂದು ಹೇಳುವವರನ್ನು ನಾನು ಬಳಸುವುದಿಲ್ಲ.

ಇಬಿಎಂ: ನಾನು ವಾಲುವ ಕಡೆ

ಒಳಗೇನಿದೆ ಅಂತ ಕಾಣದ ಕಪ್ಪು ಪೆಟ್ಟಿಗೆ ಮಾಡಿಕೊಂಡು ಆಮೇಲೆ ವಿವರಣೆ ಹುಡುಕುವುದಕ್ಕಿಂತ ಮೊದಲೇ ತಿಳಿಯುವ ಮಾಡೆಲ್ ಯಾಕೆ ಮಾಡಬಾರದು? ವಿಜ್ಞಾನಿ ಸಿಂಥಿಯಾ ರೂಡಿನ್ 2019ರಲ್ಲಿ ಇದೇ ವಾದವನ್ನು ಗಟ್ಟಿಯಾಗಿ ಮುಂದಿಟ್ಟರು. ಆ ದಾರಿಯಲ್ಲಿ ಮನೆ ಬೆಲೆಗೆ ಚೆನ್ನಾಗಿ ಒಗ್ಗುವುದು ಮೈಕ್ರೋಸಾಫ್ಟ್‌ನ ಇಂಟರ್‌ಪ್ರೆಟ್‌ಎಂಎಲ್‌ನಲ್ಲಿರುವ ಎಕ್ಸ್‌ಪ್ಲೇನಬಲ್ ಬೂಸ್ಟಿಂಗ್ ಮಷೀನ್, ಚಿಕ್ಕದಾಗಿ ಇಬಿಎಂ.

ಇದು ಸರಳ ರೇಖೆಯ ತಮ್ಮ ಅನ್ನಬಹುದು. ರಿಗ್ರೆಷನ್‌ನಂತೆ ಇಲ್ಲೂ ಎಲ್ಲ ಪಾಲುಗಳನ್ನು ಕೂಡಿದರೆ ಬೆಲೆ. ವ್ಯತ್ಯಾಸ ಏನೆಂದರೆ ಪ್ರತಿ ಗುಣಕ್ಕೆ ಒಂದು ಅಂಕಿಯ ಬದಲು ಒಂದು ವಕ್ರರೇಖೆ ಇರುತ್ತದೆ. ವಿಸ್ತೀರ್ಣದ ರೇಖೆ 600ರಿಂದ 1,500ರವರೆಗೆ ಕಡಿದಾಗಿ ಏರಿ ಆಮೇಲೆ ನಿಧಾನವಾಗಬಹುದು, ಎಲ್ಲೋ ಒಂದು ಕಡೆ ಸಣ್ಣ ಮೆಟ್ಟಿಲೂ ಕಾಣಬಹುದು. ಶಾಪ್‌ಗೂ ಇದಕ್ಕೂ ಇರುವ ದೊಡ್ಡ ಅಂತರ ಇಲ್ಲಿದೆ: ಆ ರೇಖೆ ಮಾಡೆಲ್‌ನ ಬಗ್ಗೆ ಬೇರೆ ಯಾರೋ ಕೊಟ್ಟ ಹೇಳಿಕೆಯಲ್ಲ, ಅದೇ ಮಾಡೆಲ್. ರೇಖೆಯಲ್ಲಿ ಕಂಡದ್ದೇ ಲೆಕ್ಕದಲ್ಲಿ ಬಳಕೆಯಾಗುತ್ತದೆ, ಇನ್ನೇನೂ ಹಿಂದೆ ಅಡಗಿಲ್ಲ.

ಎರಡೆರಡು ಗುಣಗಳು ಸೇರಿ ಮಾಡುವ ಪರಿಣಾಮವನ್ನೂ ಇದು ಹಿಡಿಯುತ್ತದೆ. ಬೆಂಗಳೂರಿನ ಕಡತಕ್ಕೆ ಇದು ವರದಾನ. "ವಿಸ್ತೀರ್ಣ" ಮತ್ತು "ಯಾವ ಬಗೆಯ ವಿಸ್ತೀರ್ಣ" ಎಂಬ ಜೋಡಿಗೆ ಒಂದು ನಕ್ಷೆ ಸಿಗುತ್ತದೆ, ಸೈಟಿನ 1,200ಕ್ಕೂ ಸೂಪರ್ ಬಿಲ್ಟಪ್‌ನ 1,200ಕ್ಕೂ ಬೇರೆ ಬೇರೆ ಚೌಕ ಅದರಲ್ಲಿ. ರೇಖೆ ಎಲ್ಲಾದರೂ ವಿಚಿತ್ರವಾಗಿ ಬಾಗಿದ್ದರೆ ಅಲ್ಲಿ ಎಷ್ಟು ಸಾಲುಗಳಿವೆ ಅಂತ ಕೆಳಗಿನ ಕಂಬಗಳಲ್ಲೇ ಕಾಣುತ್ತದೆ. ಮೂರೇ ಸಾಲಿದ್ದರೆ ಆ ಬಾಗನ್ನು ನಂಬಬೇಡಿ.

ಇದರ ಕೊರತೆಗಳೂ ಇವೆ. ಕಲಿಯಲು ಲೈಟ್‌ಜಿಬಿಎಂಗಿಂತ ಹೆಚ್ಚು ಹೊತ್ತು ಬೇಕು. ಮೂರು ನಾಲ್ಕು ಗುಣಗಳು ಒಟ್ಟಿಗೆ ಹೆಣೆದುಕೊಂಡಿದ್ದರೆ ಕೈಚೆಲ್ಲುತ್ತದೆ. 1,300 ಬಡಾವಣೆ ಹೆಸರುಗಳನ್ನು ಹಾಗೇ ಕೊಟ್ಟರೆ 1,300 ಪುಟ್ಟ ಪಾಲುಗಳ ಕಾಡು ಸಿಗುತ್ತದೆ. ಕಡಿಮೆ ಸಾಲಿರುವ ಬಡಾವಣೆಗಳನ್ನು ಅಕ್ಕಪಕ್ಕದವುಗಳ ಜತೆ ಗುಂಪು ಮಾಡಿ, ಅಥವಾ ಅಕ್ಷಾಂಶ ರೇಖಾಂಶ ಸೇರಿಸಿ ಅವೆರಡರ ಜೋಡಿ ನಕ್ಷೆ ನೋಡಿ. "ಇತರೆ" ಎಂಬ ಒಂದೇ ಚೀಲಕ್ಕೆ ಎಲ್ಲವನ್ನೂ ತುಂಬುವ ಸುಲಭದ ದಾರಿಯಲ್ಲಿ ಊರಾಚೆಯ ಒಂದು ಹಳ್ಳಿಯೂ ಬಸವನಗುಡಿಯ ಒಂದು ಅಡ್ಡರಸ್ತೆಯೂ ಒಂದೇ ಆಗಿಬಿಡುತ್ತವೆ.

ಯಾವುದೂ ಉಳಿಸಲಾರದ ಎರಡು ತಪ್ಪು

ನಿಮ್ಮ ಕಾಲಂನಲ್ಲಿರುವುದು ಯಾವ ಬೆಲೆ? ಜಾಹೀರಾತಿನಲ್ಲಿ ಕೇಳಿದ್ದೋ, ಕೈಬದಲಾದದ್ದೋ, ಕ್ರಯಪತ್ರದಲ್ಲಿ ಬರೆದದ್ದೋ? ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಬರೆಯುವ ಮೊತ್ತ ಗೈಡೆನ್ಸ್ ವ್ಯಾಲ್ಯೂವಿನ (ಸರ್ಕಾರ ನಿಗದಿ ಮಾಡುವ ಕನಿಷ್ಠ ದರ) ಅಕ್ಕಪಕ್ಕ ಸುಳಿಯುವುದು ನಮ್ಮಲ್ಲಿ ಹೊಸ ವಿಷಯವಲ್ಲ. ಕರ್ನಾಟಕದಲ್ಲಿ ಆ ದರಗಳನ್ನು 2023ರ ಅಕ್ಟೋಬರ್ 1ರಿಂದ ಪರಿಷ್ಕರಿಸಿದರು. ಕ್ರಯಪತ್ರಗಳ ಮೇಲೆ ಕಲಿತ ಮಾಡೆಲ್ ಆ ದಿನಾಂಕದಲ್ಲಿ ಬೆಲೆ ಜಿಗಿಯಿತು ಅಂತ ಕಂಡುಕೊಳ್ಳಬಹುದು. ಜಿಗಿದದ್ದು ಮಾರುಕಟ್ಟೆಯಲ್ಲ, ಸರ್ಕಾರದ ಪಟ್ಟಿ. ಶಾಪ್ ಆಗಲಿ ಇಬಿಎಂ ಆಗಲಿ ಆ ಸರ್ಕಾರಿ ಪಟ್ಟಿಯನ್ನೇ ಬಲು ಅಂದವಾಗಿ ವಿವರಿಸುತ್ತದೆ.

ಇನ್ನೊಂದು, ಕಾಲಂ ಇಲ್ಲದ ಗುಣದ ಬಗ್ಗೆ ಯಾವ ಮಾಡೆಲ್ಲೂ ಮಾತಾಡುವುದಿಲ್ಲ. ನಮ್ಮ ಒಂಬತ್ತು ಕಾಲಂಗಳಲ್ಲಿ ಎ ಖಾತೆಯೋ (ದಾಖಲೆ ಕ್ರಮಬದ್ಧ) ಬಿ ಖಾತೆಯೋ (ಪೂರ್ತಿ ಕ್ರಮಬದ್ಧವಲ್ಲ) ಇಲ್ಲ, ಮನೆಗೆ ಎಷ್ಟು ವರ್ಷವಾಯಿತು ಇಲ್ಲ, ಎಷ್ಟನೇ ಮಹಡಿ, ಯಾವ ದಿಕ್ಕಿನ ಬಾಗಿಲು, ಕಾವೇರಿ ನೀರು ಬರುತ್ತದೆಯೇ, ಒಂದೂ ಇಲ್ಲ. ಬಿ ಖಾತೆ ಹೆಚ್ಚಿರುವ ಬಡಾವಣೆಗೆ ಬೆಲೆ ಇಳಿದಿದ್ದರೆ ಮಾಡೆಲ್ ಅದರ ಹೊಣೆಯನ್ನು ಬಡಾವಣೆಯ ಹೆಸರಿನ ತಲೆಗೆ ಕಟ್ಟುತ್ತದೆ. ಆ ಬಡಾವಣೆಯಲ್ಲಿ ಎ ಖಾತೆ ಇಟ್ಟುಕೊಂಡಿರುವವರಿಗೆ ಅನ್ಯಾಯ. ಇದಕ್ಕೆ ಎದುರು ಉದಾಹರಣೆ ಬೇಕಿದ್ದರೆ ಡೀನ್ ಡಿ ಕಾಕ್ 2011ರಲ್ಲಿ ಪ್ರಕಟಿಸಿದ, ಅಮೆರಿಕದ ಅಯೋವಾ ರಾಜ್ಯದ ಏಮ್ಸ್ ಊರಿನ 2,930 ಮಾರಾಟಗಳ ಕಡತ ನೋಡಿ. ಅಲ್ಲಿ ಸುಮಾರು 80 ಕಾಲಂ, ಗ್ಯಾರೇಜಿನಿಂದ ನೆಲಮಾಳಿಗೆಯವರೆಗೆ. 4,000 ಚದರಡಿ ಮೀರಿದ ಮನೆಗಳನ್ನು ಬಿಡಿ, ಅವು ಐದೇ ಇವೆ ಅಂತಲೂ ಅವರೇ ಹೇಳಿದ್ದಾರೆ. ಕಾಲಂ ಅಷ್ಟು ಸಮೃದ್ಧವಾಗಿದ್ದರೆ ಹಳೆಯ ರಿಗ್ರೆಷನ್ನೇ ಬಹಳ ದೂರ ಕೊಂಡೊಯ್ಯುತ್ತದೆ.

ಸರಿ, ಯಾವುದು ಯಾರಿಗೆ?

ಒಂದು ಮನೆ ಮಾರುವವರಿಗೆ, ಕೊಳ್ಳುವವರಿಗೆ: ನೆರೆಮನೆಗಳ ಪಟ್ಟಿ ಮುಂದೆ, ಇಬಿಎಂ ಹಿಂದೆ. ಮೊದಲು ಐದು ಮನೆ ತೋರಿಸಿ, ವ್ಯತ್ಯಾಸವನ್ನು ರೇಖೆಯಿಂದ ಓದಿ ಹೇಳಿ.

ಸಾಲ ಕೊಡುವ ಕಡೆ ಕೆಲಸ ಮಾಡುವವರಿಗೆ ಇಬಿಎಂ ಅಥವಾ ಲಾಗ್ ರಿಗ್ರೆಷನ್. ಆಡಿಟ್‌ನವರು ಬಂದು ಕೂತಾಗ ಪ್ರತಿ ಪಾಲನ್ನೂ ಕಾಗದದ ಮೇಲೆ ತೋರಿಸಬೇಕಾಗುತ್ತದೆ. ನಿಖರತೆಯಲ್ಲಿ ಬೂಸ್ಟಿಂಗ್ ಎಷ್ಟು ಮುಂದಿದೆ ಅಂತ ನಿಮ್ಮದೇ ಡೇಟಾದಲ್ಲಿ ಅಳೆಯಿರಿ. ವ್ಯತ್ಯಾಸ ಚಿಕ್ಕದಾಗಿದ್ದರೆ ಕಪ್ಪು ಪೆಟ್ಟಿಗೆ ಯಾಕೆ ಹೊರಬೇಕು? ಅಳೆಯುವಾಗ ಒಟ್ಟು ಸರಾಸರಿ ತಪ್ಪನ್ನು ನೋಡಿ ಸುಮ್ಮನಾಗಬೇಡಿ. ಅಗ್ಗದ ಮನೆಗಳಲ್ಲಿ ಶೇಕಡಾ ಎಷ್ಟು, ದುಬಾರಿ ಮನೆಗಳಲ್ಲಿ ಎಷ್ಟು ಅಂತ ಬೇರೆ ಬೇರೆ ನೋಡಿ.

ಸಾವಿರಾರು ಮನೆಗೆ ಒಟ್ಟಿಗೆ ಬೆಲೆ ಕಟ್ಟುವ ತೆರಿಗೆ ಕಚೇರಿಯಂಥ ಕಡೆ ಬೂಸ್ಟಿಂಗ್ ಮತ್ತು ಶಾಪ್ ಸರಿ, ಆದರೆ ಬಾಗಿಲು ತೆರೆದಿರಬೇಕು. ಷಿಕಾಗೊ ಇರುವ ಕುಕ್ ಕೌಂಟಿಯ ಅಸೆಸರ್ ಕಚೇರಿ ಲೈಟ್‌ಜಿಬಿಎಂ ಬಳಸುತ್ತದೆ, ತನ್ನ ಕೋಡನ್ನು ಎಲ್ಲರೂ ಓದುವಂತೆ ಹೊರಗಿಟ್ಟಿದೆ. ತೆರಿಗೆ ಹೆಚ್ಚಾಯಿತು ಅಂತ ತಕರಾರು ಮಾಡುವವರು ಕೋಡನ್ನೇ ಓದಿ ಕೇಳಬಹುದು.

ಮಾಡೆಲ್‌ನ ಮಾತು ನಂಬಿ ಸ್ವಂತ ದುಡ್ಡಿನಲ್ಲಿ ಮನೆ ಕೊಳ್ಳುವವರಿಗೆ ನನ್ನ ಬಳಿ ಯಾವ ಮಾಡೆಲ್ಲೂ ಇಲ್ಲ. 2006ರಿಂದ ಮನೆಗಳ ಬೆಲೆ ಅಂದಾಜಿಸುತ್ತ ಬಂದ ಅಮೆರಿಕದ ಕಂಪನಿ ಝಿಲೋ, ಮನೆಗಳನ್ನು ತಾನೇ ಕೊಂಡು ಮಾರುವ ವ್ಯವಹಾರವನ್ನು 2021ರ ನವೆಂಬರ್‌ನಲ್ಲಿ ಮುಚ್ಚುವುದಾಗಿ ಹೇಳಿತು. ಮುಂದಿನ ತಿಂಗಳುಗಳ ಬೆಲೆಯನ್ನು ನಂಬಿಕೆಯಿಂದ ಊಹಿಸಲಾಗುತ್ತಿಲ್ಲ ಅನ್ನುವುದೇ ಅದು ಕೊಟ್ಟ ಕಾರಣ. ಇವತ್ತಿನ ಬೆಲೆಗೆ ಕಾರಣ ತಿಳಿದರೂ ಆರು ತಿಂಗಳಾಚೆಯ ಬೆಲೆ ತಿಳಿಯುವುದಿಲ್ಲ.

ಚಿಕ್ಕಪ್ಪನ ವಿಷಯಕ್ಕೆ ಬಂದರೆ, ಮುಂದಿನ ಭಾನುವಾರ ಮೈನಸ್ ಪಟ್ಟಿಗಳನ್ನೆಲ್ಲ ಬಿಟ್ಟು ಒಂದೇ ಹಾಳೆಯ ಪ್ರಿಂಟ್ ತೆಗೆದುಕೊಂಡು ಹೋದೆ. ಮೇಲೆ ಆಸುಪಾಸಿನ ಐದು ಫ್ಲಾಟು, ಕೆಳಗೆ ಇಬಿಎಂ ಕೊಟ್ಟ ಪಾಲುಗಳು ಒಂದರ ಕೆಳಗೊಂದು, ಕೊನೆಗೆ ಒಂದು ಗೆರೆ, ಗೆರೆಯ ಕೆಳಗೆ ಮೊತ್ತ. ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಜೇಬಿನಿಂದ ಪೆನ್ನು ತೆಗೆದು, ಗೆರೆಯ ಮೇಲೆ ಉಳಿದಿದ್ದ ಚೂರು ಜಾಗದಲ್ಲಿ ತಮ್ಮದೊಂದು ಸಾಲು ಸೇರಿಸಿದರು: "ಮೂಲೆ ಫ್ಲಾಟ್, ಎರಡು ಕಡೆ ಗಾಳಿ, +3." ಮೊತ್ತವನ್ನು ಹೊಡೆದುಹಾಕಿ ಹೊಸದು ಬರೆದು, ಹಾಳೆ ಮಡಚಿ ಅಂಗಿಯ ಜೇಬಿಗಿಟ್ಟುಕೊಂಡರು.